ಕಟಕಟೆಯಿಂದ ಠಾಣೆಯವರೆಗೆ: ಬಂಧಿತನ ಪಕ್ಕದ ವಕೀಲ

1949ರ ಆಗಸ್ಟ್‌ನಲ್ಲಿ ಹೈದರಾಬಾದ್ ಸಂಸ್ಥಾನದ ವಿಶೇಷ ನ್ಯಾಯಮಂಡಳಿಗಳು ತೆಲಂಗಾಣದ ರೈತ ಹೋರಾಟದಲ್ಲಿದ್ದ ಹಲವರಿಗೆ ಕೊಲೆಯ ಆರೋಪದ ಮೇಲೆ ಗಲ್ಲು ಶಿಕ್ಷೆ ವಿಧಿಸಿದವು. ಹಿಂದಿನ ವರ್ಷದ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮರ ಆಡಳಿತ ಕೊನೆಗೊಂಡಿತ್ತು. ಸಂಸ್ಥಾನ ಮಿಲಿಟರಿ ಗವರ್ನರ್ ಕೈಯಲ್ಲಿತ್ತು. ಇಂದಿನ ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳೂ ಅದೇ ಸಂಸ್ಥಾನದ ಭಾಗವಾಗಿದ್ದವು. ಮಾಮೂಲಿ ಸೆಷನ್ಸ್ ನ್ಯಾಯಾಲಯಗಳನ್ನು ಬದಿಗಿಟ್ಟು, ಈ ಮೊಕದ್ದಮೆಗಳಿಗಾಗಿಯೇ ನ್ಯಾಯಮಂಡಳಿಗಳನ್ನು ರಚಿಸಲಾಗಿತ್ತು. ಡಿಸೆಂಬರ್‌ನಲ್ಲಿ ಹೈದರಾಬಾದ್ ಹೈಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. ಮುಂದಿನ ತಿಂಗಳು, 1950ರ ಜನವರಿ 26ರಂದು, ಸಂವಿಧಾನ ಜಾರಿಗೆ ಬಂತು.

ಗಲ್ಲಿನ ನೆರಳಿನಲ್ಲಿದ್ದ ಈ ಕೈದಿಗಳ ಮೊಕದ್ದಮೆ ಹೊಸ ಸುಪ್ರೀಂ ಕೋರ್ಟ್‌ಗೆ ಬಂದಾಗ ಅವರ ಪರ ವಾದಿಸಲು ಲಂಡನ್ನಿನಿಂದ ಡಿ.ಎನ್. ಪ್ರಿಟ್ ಬಂದರು. ಕೆಲವೇ ವರ್ಷಗಳ ನಂತರ ಕೀನ್ಯಾದಲ್ಲಿ ಜೋಮೋ ಕೆನ್ಯಾಟ್ಟಾ ಪರ ನಿಂತವರೂ ಇದೇ ಪ್ರಿಟ್. ಅವರು ಎತ್ತಿದ ಮುಖ್ಯ ತಕರಾರುಗಳಲ್ಲಿ ಒಂದು ಸರಳವಾಗಿತ್ತು: ಪ್ರಾಣದ ಪ್ರಶ್ನೆ ಇತ್ಯರ್ಥವಾಗುತ್ತಿದ್ದಾಗ ಆರೋಪಿಗಳ ಪಕ್ಕದಲ್ಲಿ ವಕೀಲರು ಇರಲಿಲ್ಲ, ವಕೀಲರನ್ನು ಹಿಡಿಯಲು ಸರಿಯಾದ ಅವಕಾಶವನ್ನೂ ಕೊಟ್ಟಿರಲಿಲ್ಲ.

1951ರಲ್ಲಿ ಸುಪ್ರೀಂ ಕೋರ್ಟ್ ಈ ವಾದವನ್ನು ಒಪ್ಪಲಿಲ್ಲ. ಜನಾರ್ದನ ರೆಡ್ಡಿ ಪ್ರಕರಣವೆಂದು ಹೆಸರಾದ ಆ ತೀರ್ಪಿನ ಪ್ರಕಾರ, ಆರೋಪಿಗೆ ವಕೀಲರಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಗಲ್ಲಿನ ಮೊಕದ್ದಮೆಯ ವಿಚಾರಣೆಯೂ ತಾನಾಗಿಯೇ ಅಸಿಂಧುವಾಗುವುದಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1932ರಲ್ಲಿ ಅಲಬಾಮಾದ ಕಪ್ಪು ಯುವಕರ ಪ್ರಕರಣದಲ್ಲಿ ಇದಕ್ಕೆ ವಿರುದ್ಧವಾದ ತೀರ್ಪು ಕೊಟ್ಟಿತ್ತು. ನಮ್ಮ ನ್ಯಾಯಮೂರ್ತಿಗಳು ಅದನ್ನು ಚರ್ಚಿಸಿದರು, ಆದರೆ ಇಲ್ಲಿಗೆ ಅನ್ವಯಿಸಲಿಲ್ಲ. ತೆಲಂಗಾಣದ ಕೈದಿಗಳ ಗಲ್ಲು ಶಿಕ್ಷೆ ಕೊನೆಗೆ ಜೀವಾವಧಿಗೆ ಇಳಿದದ್ದು ಈ ತೀರ್ಪಿನಿಂದಲ್ಲ, ನ್ಯಾಯಾಲಯದ ಹೊರಗೆ.

ಅಂದಿನಿಂದ ಇಂದಿನವರೆಗೆ ಕಾನೂನು ಬಹಳ ದೂರ ನಡೆದಿದೆ. ಅದರ ದಿಕ್ಕನ್ನು ಗಮನಿಸಬೇಕು. ಮೊದಲು ವಕೀಲ ಕಟಕಟೆಯ ಬಳಿ ಮಾತ್ರ ಇದ್ದ. ಒಂದೊಂದು ಪ್ರಕರಣವೂ ಅವನನ್ನು ಒಂದೊಂದು ಹೆಜ್ಜೆ ಹಿಂದಕ್ಕೆ, ಬಂಧನದ ಗಳಿಗೆಯ ಕಡೆಗೆ ತಂದಿತು. ಠಾಣೆಯ ಬಾಗಿಲಿನವರೆಗೆ ಬಂದ ಆ ನಡಿಗೆ ಅಲ್ಲಿಯೇ ನಿಧಾನವಾಗಿದೆ.

ಹಣವಿದ್ದವರ ಹಕ್ಕು

ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಸಂವಿಧಾನದಿಂದ ಹುಟ್ಟಿದ್ದಲ್ಲ. 1898ರ ದಂಡ ಪ್ರಕ್ರಿಯಾ ಸಂಹಿತೆಯ 340ನೇ ಕಲಂ, ಕ್ರಿಮಿನಲ್ ನ್ಯಾಯಾಲಯದ ಮುಂದೆ ಆರೋಪ ಎದುರಿಸುವ ಯಾರೇ ಆದರೂ ವಕೀಲರ ಮೂಲಕ ವಾದಿಸಬಹುದು ಎಂದಿತ್ತು. ಬಂಧಿತನನ್ನು 24 ಗಂಟೆಗಿಂತ ಹೆಚ್ಚು ಹೊತ್ತು ಪೊಲೀಸರು ತಮ್ಮಲ್ಲೇ ಇಟ್ಟುಕೊಳ್ಳುವಂತಿಲ್ಲ ಎಂಬ ನಿಯಮ 61ನೇ ಕಲಮಿನಲ್ಲಿತ್ತು. ಇಂಗ್ಲೆಂಡಿನಲ್ಲಿಯೇ ಗಂಭೀರ ಅಪರಾಧದ ಆರೋಪಿಯ ವಕೀಲ ಜ್ಯೂರಿಯ ಮುಂದೆ ಪೂರ್ಣವಾಗಿ ವಾದ ಮಂಡಿಸಲು ಅನುಮತಿ ಸಿಕ್ಕಿದ್ದು 1836ರಲ್ಲಿ. ಆ ಲೆಕ್ಕದಲ್ಲಿ ಭಾರತದ ಸಂಹಿತೆ ಹಿಂದುಳಿದದ್ದೇನೂ ಅಲ್ಲ.

ಆದರೆ ಆ ಹಕ್ಕಿಗೆ ಎರಡು ಮಿತಿಗಳಿದ್ದವು. ಅದು ನ್ಯಾಯಾಲಯದ ಮುಂದೆ ನಿಂತ ಮೇಲೆ ಸಿಗುವ ಹಕ್ಕು; ಠಾಣೆಯಲ್ಲಿ ಕೂತವನಿಗಲ್ಲ. ಫೀಸು ಕೊಡಬಲ್ಲವನ ಹಕ್ಕು, ಬರಿಗೈಯವನದ್ದಲ್ಲ. 1908ರಲ್ಲಿ ಅಲಿಪುರ ಬಾಂಬ್ ಮೊಕದ್ದಮೆಯಲ್ಲಿ ಅರವಿಂದ ಘೋಷರಿಗೆ ಚಿತ್ತರಂಜನ್ ದಾಸ್ ಸಿಕ್ಕರು. 1945ರಲ್ಲಿ ಕೆಂಪುಕೋಟೆಯ ಆಜಾದ್ ಹಿಂದ್ ಫೌಜ್ ವಿಚಾರಣೆಯಲ್ಲಿ ಭುಲಾಭಾಯಿ ದೇಸಾಯಿ ಎದ್ದು ನಿಂತರು. ಇಂಥ ಮೊಕದ್ದಮೆಗಳ ಹಿಂದೆ ದೇಶವೇ ಇತ್ತು. ಹಸು ಕದ್ದನೆಂದು ಹಿಡಿದು ತಂದ ಕೂಲಿಯವನ ಹಿಂದೆ ಯಾರೂ ಇರಲಿಲ್ಲ.

ಅಂಬೇಡ್ಕರ್ ತಂದ 15-ಎ

ಸಂವಿಧಾನ ರಚನಾ ಸಭೆ ಜೀವ ಮತ್ತು ಸ್ವಾತಂತ್ರ್ಯದ ವಿಧಿಯಿಂದ ನ್ಯಾಯಯುತ ಪ್ರಕ್ರಿಯೆ ಬೇಕೆಂಬ ಮಾತನ್ನು ತೆಗೆದು, ಕಾನೂನು ಹೇಳಿದ ಪ್ರಕ್ರಿಯೆ ಸಾಕು ಎಂದು ತೀರ್ಮಾನಿಸಿತ್ತು. ಇದು ಹಲವು ಸದಸ್ಯರಿಗೆ ಒಪ್ಪಿಗೆಯಾಗಿರಲಿಲ್ಲ. 1949ರ ಸೆಪ್ಟೆಂಬರ್ 15ರಂದು ಅಂಬೇಡ್ಕರ್ 15-ಎ ಎಂಬ ಹೊಸ ವಿಧಿ ಮಂಡಿಸಿದರು. ಹಿಂದೆ ಕೈಬಿಟ್ಟದ್ದಕ್ಕೆ ಇದು ಒಂದಿಷ್ಟು ಪರಿಹಾರವೆಂದು ಅವರೇ ಹೇಳಿದರು. ಅದೇ ಇಂದಿನ 22ನೇ ವಿಧಿ. ಬಂಧನದ ಕಾರಣ ತಿಳಿಸಬೇಕು, ತನ್ನ ಆಯ್ಕೆಯ ವಕೀಲರೊಡನೆ ಸಮಾಲೋಚಿಸುವ ಹಕ್ಕನ್ನು ನಿರಾಕರಿಸಬಾರದು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು.

ಇದೆಲ್ಲ ಹಳೆಯ ಸಂಹಿತೆಯಲ್ಲೇ ಇದೆಯಲ್ಲ ಎಂಬ ಆಕ್ಷೇಪಕ್ಕೆ ಅವರ ಉತ್ತರ ಸ್ಪಷ್ಟವಾಗಿತ್ತು: ಸಂಹಿತೆಯನ್ನು ಶಾಸನಸಭೆ ಒಂದು ಮಸೂದೆಯಿಂದ ಬದಲಿಸಬಹುದು, ಮೂಲಭೂತ ಹಕ್ಕನ್ನು ಹಾಗೆ ಬದಲಿಸಲಾಗದು.

ಆದರೂ ಅದೇ ವಿಧಿ ಮುನ್ನೆಚ್ಚರಿಕೆ ಬಂಧನದ ಕೈದಿಗಳನ್ನು ಈ ರಕ್ಷಣೆಯಿಂದ ಹೊರಗಿಟ್ಟಿತು. ಸಂವಿಧಾನ ಬಂದ ವರ್ಷವೇ ಮದರಾಸಿನ ಜೈಲಿನಲ್ಲಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಅವರ ಪರ ವಾದಿಸಿದವರು ಮಂಗಳೂರಿನಲ್ಲಿ ವಕೀಲಿ ಮಾಡಿ ಮದರಾಸಿಗೆ ಹೋಗಿದ್ದ ಎಂ.ಕೆ. ನಂಬಿಯಾರ್. ಬಂಧನದ ಕಾರಣಗಳನ್ನು ನ್ಯಾಯಾಲಯಕ್ಕೂ ಹೇಳಬಾರದೆಂಬ ಕಲಮನ್ನು ಕೋರ್ಟ್ ರದ್ದು ಮಾಡಿತು, ಆದರೆ ಗೋಪಾಲನ್ ಬಿಡುಗಡೆಯಾಗಲಿಲ್ಲ. ನಂಬಿಯಾರ್ ಅಂದು ಸೋತ ವಾದದ ತಿರುಳನ್ನು 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಅದೇ ನ್ಯಾಯಾಲಯ ಒಪ್ಪಿತು: ಸ್ವಾತಂತ್ರ್ಯ ಕಸಿಯುವ ಪ್ರಕ್ರಿಯೆ ನ್ಯಾಯವಾಗಿಯೂ ಇರಬೇಕು. ಮುಂದಿನ ಬದಲಾವಣೆಗಳೆಲ್ಲ ಈ ಬಾಗಿಲಿನಿಂದ ಬಂದವು.

ಧಾರವಾಡದ ಮೊಹರು, ಬಿಹಾರದ ಜೈಲು

ಅದೇ 1978ರ ಆಗಸ್ಟ್‌ನಲ್ಲಿ ಬಂದ ಹೊಸ್ಕೋಟ್ ತೀರ್ಪಿಗೆ ಕನ್ನಡನಾಡಿನ ಎಳೆಯೊಂದಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನ ನಕಲಿ ಮೊಹರು ಮಾಡಿಸಲು ಮುಂಬೈ ಬಳಿಯ ಡೊಂಬಿವಲಿಯ ಕುಶಲಕರ್ಮಿಯೊಬ್ಬನ ಬಳಿ ಹೋಗಿ ಸಿಕ್ಕಿಬಿದ್ದ ಅಧ್ಯಾಪಕರೊಬ್ಬರ ಮೊಕದ್ದಮೆ ಅದು. ಸೆಷನ್ಸ್ ನ್ಯಾಯಾಲಯ ಕೊಟ್ಟ ನಾಮಮಾತ್ರದ ಶಿಕ್ಷೆಯನ್ನು ಬಾಂಬೆ ಹೈಕೋರ್ಟ್ ಮೂರು ವರ್ಷಕ್ಕೆ ಏರಿಸಿತು. ತೀರ್ಪಿನ ಪ್ರತಿ ತನ್ನ ಕೈಗೆ ಸಿಗಲೇ ಇಲ್ಲವೆಂದು ಕೈದಿ ಹೇಳಿದರು. ಮೇಲ್ಮನವಿ ಸುಪ್ರೀಂ ಕೋರ್ಟ್ ತಲುಪುವ ಹೊತ್ತಿಗೆ ಶಿಕ್ಷೆಯೇ ಮುಗಿದಿತ್ತು. ಅರ್ಜಿ ವಜಾ ಆಯಿತು. ಆದರೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅಷ್ಟಕ್ಕೇ ನಿಲ್ಲಲಿಲ್ಲ. ಕೈದಿಗೆ ತೀರ್ಪಿನ ಪ್ರತಿಯನ್ನು ಉಚಿತವಾಗಿ ಕೊಡಬೇಕು. ವಕೀಲರನ್ನು ಇಟ್ಟುಕೊಳ್ಳಲಾಗದವನಿಗೆ ನ್ಯಾಯಾಲಯವೇ ವಕೀಲರನ್ನು ಕೊಡಬೇಕು. ಅದರ ವೆಚ್ಚ ಸರ್ಕಾರದ್ದು. ಇದು ದಾನವಲ್ಲ, ಕರ್ತವ್ಯ ಎಂದರು.

1979ರ ಜನವರಿಯಲ್ಲಿ ಪೊಲೀಸ್ ಆಯೋಗದ ಸದಸ್ಯ, ಬಿಎಸ್ಎಫ್‌ನ ಮೊದಲ ಮುಖ್ಯಸ್ಥ ಕೆ.ಎಫ್. ರುಸ್ತುಂಜಿ ಬಿಹಾರದ ಜೈಲುಗಳ ಬಗ್ಗೆ ಪತ್ರಿಕೆಯಲ್ಲಿ ಬರೆದರು. ತಪ್ಪು ಸಾಬೀತಾಗಿದ್ದರೆ ಆಗುತ್ತಿದ್ದ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದ ಕೈದಿಗಳು ಅಲ್ಲಿದ್ದರು. ಅದನ್ನೋದಿದ ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟ್‌ಗೆ ಅರ್ಜಿ ಹಾಕಿದರು. ಹುಸೇನಾರಾ ಖಾತೂನ್ ಪ್ರಕರಣ ಎಂದು ಹೆಸರಾದ ಅದರಿಂದ ಸಾವಿರಾರು ವಿಚಾರಣಾಧೀನ ಕೈದಿಗಳು ಹೊರಬಂದರು. ಅವರಲ್ಲಿ ಬಹುಪಾಲು ಜನ ಒಳಗುಳಿದದ್ದು ಅಪರಾಧ ದೊಡ್ಡದೆಂದಲ್ಲ. ಜಾಮೀನು ಕೇಳಬೇಕೆಂದು ಹೇಳುವವರು, ಅರ್ಜಿ ಬರೆಯುವವರು ಇರಲಿಲ್ಲ.

ಮರುವರ್ಷ ಅದೇ ಬಿಹಾರದ ಭಾಗಲ್ಪುರದಲ್ಲಿ ಪೊಲೀಸರು ಬಂಧಿತರ ಕಣ್ಣು ಚುಚ್ಚಿ ಕುರುಡಾಗಿಸಿದ ಸುದ್ದಿ ಹೊರಬಿತ್ತು. ಮ್ಯಾಜಿಸ್ಟ್ರೇಟರ ಮುಂದೆ ಹಾಜರಾದಾಗ ಅವರಲ್ಲಿ ಹೆಚ್ಚಿನವರಿಗೆ ವಕೀಲರಿರಲಿಲ್ಲ. ಅವರು ಕೇಳಲಿಲ್ಲ, ಆದ್ದರಿಂದ ಕೊಡಲಿಲ್ಲ ಎಂಬುದು ವಿವರಣೆ. ಉಚಿತ ವಕೀಲರ ಹಕ್ಕು ಶುರುವಾಗುವುದು ವಿಚಾರಣೆಯಲ್ಲಲ್ಲ, ಬಂಧಿತ ಮೊದಲ ಬಾರಿ ಮ್ಯಾಜಿಸ್ಟ್ರೇಟ್ ಮುಂದೆ ಬಂದಾಗಲೇ. ಹಕ್ಕಿದೆ ಎಂದು ಅವನಿಗೆ ತಿಳಿಸುವುದು ಮ್ಯಾಜಿಸ್ಟ್ರೇಟರ ಹೊಣೆ. ಬೊಕ್ಕಸದಲ್ಲಿ ದುಡ್ಡಿಲ್ಲ ಎಂಬ ನೆಪ ನಡೆಯದು ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದರು.

1986ರಲ್ಲಿ ಅರುಣಾಚಲದ ಸುಕ್ ದಾಸ್ ಪ್ರಕರಣ ಬಂತು. ಬೆದರಿಕೆಯ ಆರೋಪದಲ್ಲಿ ಎರಡು ವರ್ಷದ ಶಿಕ್ಷೆ; ಆರೋಪಿ ಬಡವ, ವಕೀಲ ಬೇಕೆಂದು ಅವನು ಕೇಳಿರಲಿಲ್ಲ, ಬೇಕೇ ಎಂದು ನ್ಯಾಯಾಲಯವೂ ಕೇಳಿರಲಿಲ್ಲ. ಆ ಕಾರಣಕ್ಕೇ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದುಪಡಿಸಿತು. ತೆಲಂಗಾಣದ ಕೈದಿಗಳ ಕುತ್ತಿಗೆಗೆ ಹಗ್ಗ ತೂಗುತ್ತಿದ್ದಾಗ ಸಾಲದಾಗಿದ್ದ ವಾದ, 35 ವರ್ಷಗಳ ನಂತರ ಎರಡು ವರ್ಷದ ಜೈಲಿಗೆ ಸಾಕಾಯಿತು.

ಊರಿನ ವಕೀಲರು ಇಲ್ಲವೆಂದಾಗ

ಸರ್ಕಾರ ಫೀಸು ಕೊಟ್ಟರೂ ವಕೀಲರು ಬರದಿದ್ದರೆ? ಕೊಯಮತ್ತೂರಿನಲ್ಲಿ ವಕೀಲರೊಬ್ಬರ ಮೇಲೆ ಪೊಲೀಸರು ಹಲ್ಲೆ ಮಾಡಿದರೆಂಬ ಆರೋಪದ ಬೆನ್ನಲ್ಲೇ, ಆ ಪೊಲೀಸರ ಪರ ಯಾರೂ ನಿಲ್ಲಕೂಡದೆಂದು ಅಲ್ಲಿನ ವಕೀಲರ ಸಂಘ ನಿರ್ಣಯ ಮಾಡಿತ್ತು. ಇಲ್ಲಿ ವಕೀಲರಿಲ್ಲದೆ ನಿಂತವರು ಪೊಲೀಸರೇ. 2010ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ದೇಶದ ಯಾವುದೇ ವಕೀಲರ ಸಂಘ ಮಾಡುವ ಇಂಥ ನಿರ್ಣಯ ಅಸಿಂಧು ಎಂದು ಸಾರಿತು. 1792ರಲ್ಲಿ ಇಂಗ್ಲೆಂಡಿನ ದೊರೆಗಳ ಸಿಟ್ಟು ಕಟ್ಟಿಕೊಂಡು ಥಾಮಸ್ ಪೇನ್ ಪರ ವಾದಿಸಿ ಹುದ್ದೆ ಕಳೆದುಕೊಂಡ ಎರ್ಸ್ಕಿನ್‌ನನ್ನು ಆ ತೀರ್ಪು ನೆನೆಯಿತು.

ಮುಂಬೈ ದಾಳಿಯ ಅಜ್ಮಲ್ ಕಸಬ್‌ಗೂ ನ್ಯಾಯಾಲಯ ವಕೀಲರನ್ನು ಕೊಟ್ಟಿತು. 2012ರ ಆಗಸ್ಟ್‌ನಲ್ಲಿ ಅವನ ಗಲ್ಲನ್ನು ಖಾಯಂ ಮಾಡಿದ ತೀರ್ಪೇ, ಮೊದಲ ಹಾಜರಿಯಲ್ಲಿಯೇ ವಕೀಲರ ಹಕ್ಕನ್ನು ಬಂಧಿತನಿಗೆ ತಿಳಿಸಬೇಕೆಂದು ದೇಶದ ಎಲ್ಲ ಮ್ಯಾಜಿಸ್ಟ್ರೇಟರಿಗೆ ನಿರ್ದೇಶಿಸಿತು.

ಹೀಗಿದ್ದೂ 2020ರ ಫೆಬ್ರವರಿಯಲ್ಲಿ ಹುಬ್ಬಳ್ಳಿಯಲ್ಲಿ ದೇಶದ್ರೋಹದ ಆರೋಪದ ಮೇಲೆ ಬಂಧಿತರಾದ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ವಕಾಲತ್ತು ವಹಿಸಬಾರದೆಂದು ಸ್ಥಳೀಯ ಸಂಘ ನಿರ್ಣಯಿಸಿತು. ಬೆಂಗಳೂರಿನ ವಕೀಲರು ಹೈಕೋರ್ಟ್ ಮೊರೆ ಹೋದರು. ಜಾಮೀನು ಅರ್ಜಿ ಹಾಕಲು ಪೊಲೀಸ್ ರಕ್ಷಣೆಯಲ್ಲಿ ಧಾರವಾಡಕ್ಕೆ ಹೋಗಬೇಕಾಯಿತು. ಹೈಕೋರ್ಟ್ ಕಟುವಾಗಿ ಮಾತಾಡಿದ ನಂತರ ಸಂಘ ತನ್ನ ನಿಲುವು ಬದಲಿಸಿತು. ವಿದ್ಯಾರ್ಥಿಗಳು ತಪ್ಪು ಮಾಡಿದ್ದರೇ ಇಲ್ಲವೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವುದು ನ್ಯಾಯಾಲಯದ ಕೆಲಸ, ಆ ಕೆಲಸ ನಡೆಯಲು ಎರಡೂ ಕಡೆ ವಕೀಲರು ಬೇಕು.

ಉಳಿದಿರುವ ಕೊನೆಯ ಹೆಜ್ಜೆ

ಠಾಣೆಯೊಳಗಿನ ಕತೆ ಇನ್ನೂ ಅರ್ಧದಲ್ಲಿದೆ. ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪಥಿಯವರನ್ನು ಪೊಲೀಸರು ಪ್ರಶ್ನಾವಳಿ ಹಿಡಿದು ಠಾಣೆಗೆ ಕರೆಸಿದ್ದ ಪ್ರಕರಣದಲ್ಲಿ, 1978ರಲ್ಲೇ ಕೃಷ್ಣ ಅಯ್ಯರ್ ತನಿಖೆಯ ಹೊತ್ತಿನಲ್ಲಿ ವಕೀಲರು ಬೇಕೆಂದರೆ ತಡೆಯಬಾರದೆಂದಿದ್ದರು. ಆದರೆ ಪೊಲೀಸರೇ ವಕೀಲರನ್ನು ಒದಗಿಸಬೇಕೆಂದು ಹೇಳಲಿಲ್ಲ. 1996ರ ಡಿ.ಕೆ. ಬಸು ತೀರ್ಪು ಲಾಕಪ್ ಸಾವುಗಳನ್ನು ತಡೆಯಲು 11 ಸೂಚನೆಗಳನ್ನು ಕೊಟ್ಟಿತು. ಬಂಧನದ ಮೆಮೊ, ಮನೆಯವರಿಗೆ ಸುದ್ದಿ, 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಅದರಲ್ಲಿದ್ದವು. ವಿಚಾರಿಸುವಾಗ ವಕೀಲರನ್ನು ಭೇಟಿಯಾಗಬಹುದು, ಆದರೆ ಉದ್ದಕ್ಕೂ ಅವರು ಕೂತಿರುವಂತಿಲ್ಲ. ಇದೇ ಮಾತು ಮುಂದೆ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 38ನೇ ಕಲಮಾಗಿದೆ.

ಅಂದರೆ ಮೊದಲ 24 ಗಂಟೆಯಲ್ಲಿ ವಕೀಲರು ಬರಬಹುದು, ಕರೆತರುವವರು ಬೇಕು. 2023ರ ಅಕ್ಟೋಬರ್‌ನಲ್ಲಿ ದೆಹಲಿಯ ಸಂಪಾದಕ ಪ್ರಬೀರ್ ಪುರಕಾಯಸ್ಥ ಅವರನ್ನು ಬೆಳಗಿನ ಜಾವದಲ್ಲೇ ನ್ಯಾಯಾಧೀಶರ ಮುಂದೆ ಹಾಜರುಪಡಿಸಿ ರಿಮಾಂಡ್ ಪಡೆಯಲಾಯಿತು. ಕಾನೂನು ನೆರವಿನ ವಕೀಲರೊಬ್ಬರು ಅಲ್ಲಿದ್ದರು, ಅವರ ಸ್ವಂತ ವಕೀಲರಿಗೆ ಮಾತ್ರ ಸುದ್ದಿ ತಡವಾಗಿ ಮುಟ್ಟಿತು. ಬಂಧನದ ಕಾರಣಗಳನ್ನು ಬರಹದಲ್ಲಿ ಕೊಟ್ಟಿರಲಿಲ್ಲವೆಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬಂಧನ, ರಿಮಾಂಡ್ ಎರಡನ್ನೂ ರದ್ದು ಮಾಡಿತು. ಹೀಗೆ ಗುಟ್ಟಾಗಿ ನಡೆಸಿದ ರೀತಿಯನ್ನೂ ಟೀಕಿಸಿತು. ರಾಜಧಾನಿಯಲ್ಲಿ, ಹೆಸರಾಂತ ವಕೀಲರ ಬಲ ಇದ್ದವರಿಗೇ ಇದನ್ನು ಸರಿಪಡಿಸಿಕೊಳ್ಳಲು ಏಳು ತಿಂಗಳು ಹಿಡಿಯಿತು.

ಕೆಲಸ ಹುಡುಕಿ ಬಂದ ಊರಿನಲ್ಲಿ, ಭಾಷೆ ಅರೆಬರೆ ಗೊತ್ತಿರುವಾಗ ಬಂಧನವಾದರೆ ಈ ಕೊರತೆ ಇನ್ನಷ್ಟು ಬಿಗಿಯುತ್ತದೆ. ಸಹಿ ಹಾಕಿಸಿದ ಕಾಗದ ಮರಾಠಿಯಲ್ಲೋ ತೆಲುಗಿನಲ್ಲೋ ಇರುತ್ತದೆ. ಊರಿನಿಂದ ಪರಿಚಿತ ವಕೀಲರು ರೈಲು ಹತ್ತಿ ಬರುವಷ್ಟರಲ್ಲಿ ರಿಮಾಂಡ್ ಆಗಿಹೋಗಿರುತ್ತದೆ. ಅಲ್ಲಿಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ದಿನವೂ ನಿಲ್ಲುವ, ಠಾಣೆಯ ದಾರಿ ಗೊತ್ತಿರುವ, ಕೈದಿಯ ಸಹಿಗೆ ವಕಾಲತ್ತನ್ನು ಅಂದೇ ಒಳಗೆ ಕಳಿಸಬಲ್ಲ ಸ್ಥಳೀಯ ವಕೀಲರೇ ಆ ಹೊತ್ತಿಗೆ ಬೇಕಾದವರು.

ಇಷ್ಟು ಪ್ರಕರಣಗಳ ಫಲವಾಗಿ ಉಳಿದಿರುವ ಕೆಲವು ಸಂಗತಿಗಳು ಆ ಗಳಿಗೆಯಲ್ಲಿ ನೇರ ಉಪಯೋಗಕ್ಕೆ ಬರುತ್ತವೆ. ಬಂಧಿತ ಹೇಳಿದ ಸಂಬಂಧಿಕರಿಗೋ ಗೆಳೆಯರಿಗೋ ಪೊಲೀಸರು ಸುದ್ದಿ ಕೊಡಲೇಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗಬೇಕು. ಜಿಲ್ಲಾ ನ್ಯಾಯಾಲಯಗಳ ಆವರಣದಲ್ಲಿ ಪ್ರಾಧಿಕಾರದ ಕಚೇರಿಯಿದೆ, ಸಹಾಯವಾಣಿ 15100. ಬೇರೆ ವಕೀಲರನ್ನು ಆಮೇಲೆ ಇಟ್ಟುಕೊಳ್ಳಲು ಇದು ಅಡ್ಡಿಯಲ್ಲ. ಆ ಮೊದಲ ಹಾಜರಿಗೆ ಮಾತ್ರ ಯಾರಾದರೊಬ್ಬರು ಪಕ್ಕದಲ್ಲಿ ನಿಂತಿರಬೇಕು.