ಸ್ಕಿಜೋಫ್ರೇನಿಯಾ: ಜನರ ತಿಳಿವಳಿಕೆ ಮತ್ತು ತಪ್ಪು ಕಲ್ಪನೆಗಳು

ಸ್ಕಿಜೋಫ್ರೇನಿಯಾ ಯೋಚನೆ, ಭಾವನೆ, ಗ್ರಹಿಕೆಗಳನ್ನು ಏರುಪೇರು ಮಾಡುವ ತೀವ್ರ ಮನೋರೋಗ. ಹೆಚ್ಚಾಗಿ ಹದಿಹರೆಯದ ಕೊನೆ ಅಥವಾ ಇಪ್ಪತ್ತರ ಹರೆಯದಲ್ಲಿ ತಲೆದೋರುತ್ತದೆ; ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗಿದೆ. ‘ಸೀಳಿದ ಮನಸ್ಸು’ ಎಂಬರ್ಥದ ಈ ಹೆಸರನ್ನು 1908ರಲ್ಲಿ ಸ್ವಿಸ್ ಮನೋವೈದ್ಯ ಬ್ಲಾಯ್ಲರ್ ಬಳಕೆಗೆ ತಂದರು. ಕನ್ನಡದ ‘ಇಚ್ಚಿತ್ತ ವಿಕಲತೆ’ಯೂ ಅದೇ ಜಾಡಿನದು. ಒಬ್ಬರಲ್ಲೇ ಇಬ್ಬರು ಇರುತ್ತಾರೆಂಬ ತಪ್ಪು ಕಲ್ಪನೆಗೆ ಹೆಸರೇ ಇಂಬು ಕೊಟ್ಟಿದೆ. ಒಬ್ಬರಲ್ಲೇ ಇಬ್ಬರಿರುವಂತೆ ತೋರುವುದು ಬೇರೆಯದೇ ಕಾಯಿಲೆ.

ಯಾರೂ ಇಲ್ಲದ ಕೋಣೆಯಲ್ಲಿ ಕೇಳುವ ಬೈಗುಳಕ್ಕೆ ರೋಗಿ ಗೊಣಗುತ್ತ ಉತ್ತರಿಸುತ್ತಾನೆ, ಊಟದಲ್ಲಿ ವಿಷವಿದೆಯೆಂದು ತಟ್ಟೆ ಸರಿಸುತ್ತಾನೆ. ಮನೆಯವರು ಇದನ್ನು ಗಾಳಿ ಸೋಕು, ಮಾಟ ಎನ್ನುವುದುಂಟು. ಮಂಕು, ಮೌನಗಳನ್ನು ಸೋಮಾರಿತನವೆನ್ನುತ್ತಾರೆ. ಮದುವೆಯಾದರೆ ಸರಿಹೋಗುತ್ತದೆಂಬ ನಂಬಿಕೆ ಎಲ್ಲಕ್ಕಿಂತ ಹಾನಿಕರ: ಅದು ಎರಡು ಬದುಕುಗಳನ್ನು ಸಂಕಟಕ್ಕೆ ದೂಡುತ್ತದೆ. ರೋಗಿಗಳಲ್ಲಿ ಬಹುಪಾಲು ಜನ ಹಿಂಸಾಚಾರಿಗಳಲ್ಲ. ಈ ಕಾಯಿಲೆಗೆ ಅನುವಂಶೀಯತೆ ಮತ್ತು ಪರಿಸರ ಎರಡೂ ಕಾರಣ. ಇದು ಹೆತ್ತವರು ಬೆಳೆಸಿದ ರೀತಿಯ ತಪ್ಪಲ್ಲ.

ಔಷಧ, ಕುಟುಂಬದ ಆಸರೆ, ಪುನರ್ವಸತಿಗಳಿಂದ ಅನೇಕರು ಚೇತರಿಸಿ ದುಡಿಯುತ್ತಾರೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ರೋಗಿಗಳನ್ನು ಗುರುತಿಸಿ ಊರಿನಲ್ಲೇ ಚಿಕಿತ್ಸೆ ದೊರಕಿಸಿದ್ದು ಗಮನಾರ್ಹ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಉಚಿತ ಸಲಹೆ ದೊರೆಯುತ್ತದೆ.