ಹರಿಹರದಿಂದ ದಾವಣಗೆರೆಗೆ: ದಿನಾ ಬರೆದಿಟ್ಟ ಪ್ರವಾಸಿ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರಾ? ಹಾಗಿದ್ರೆ ಇವತ್ತಿನ ಕಥೆ ನಿಮಗೇ.

ಹೋದ ತಿಂಗಳು ನಾನು ದಾವಣಗೆರೆಯಿಂದ ಹರಿಹರಕ್ಕೆ ಹೋಗಿದ್ದೆ. ಹೆಚ್ಚು ಕಮ್ಮಿ 14 ಕಿಲೋಮೀಟರ್ ದಾರಿ. ಅಷ್ಟರಲ್ಲೇ ಐದು ಸ್ಟೇಟಸ್ ಹಾಕಿದೆ. ಮಂಡಕ್ಕಿ ಮೆಣಸಿನಕಾಯಿ, ಕಿಟಕಿಯಾಚೆ ಗದ್ದೆ, ತುಂಗಭದ್ರೆ, ಹರಿಹರೇಶ್ವರನ ಗುಡಿ, ಕೊನೆಗೆ ನನ್ನದೇ ಮುಖ. ಮಾರನೇ ದಿನ ಒಂದೂ ಇಲ್ಲ. 24 ಗಂಟೆ ಆಯ್ತಲ್ಲ, ಮಾಯ.

ಇದೇ ದಾರಿಯಲ್ಲಿ 1801ರ ಬೇಸಿಗೆಯಲ್ಲಿ ಒಬ್ಬ ಸ್ಕಾಟ್‌ಲೆಂಡಿನ ಡಾಕ್ಟರು ಹರಿಹರದಿಂದ ದಾವಣಗೆರೆಗೆ ಬಂದ. ಹೆಸರು ಫ್ರಾನ್ಸಿಸ್ ಬುಕಾನನ್. ಅವನೂ ಪ್ರವಾಸದ ಅಪ್‌ಡೇಟ್ ಬರೀತಿದ್ದ, ತಾರೀಖು ಹಾಕಿ, ಊರಿನ ಹೆಸರು ಹಾಕಿ. ಅವನು ಬರೆದದ್ದು ಇವತ್ತಿಗೂ ಓದೋಕೆ ಸಿಗುತ್ತೆ.

ಸ್ವಲ್ಪ ಹಿಂದೆ ಹೋಗೋಣ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಈಸ್ಟ್ ಇಂಡಿಯಾ ಕಂಪನಿಗೆ ದೊಡ್ಡದೊಂದು ಸೀಮೆ ಕೈಗೆ ಬಂತು, ಆದರೆ ಅದರೊಳಗೆ ಏನಿದೆ ಅನ್ನೋದು ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಯಾವ ಮಣ್ಣಿನಲ್ಲಿ ಏನು ಬೆಳೆಯುತ್ತೆ, ಕಂದಾಯ ಎಷ್ಟು, ಗಂಧ ಎಲ್ಲಿದೆ, ಮೆಣಸು ಎಲ್ಲಿಂದ ಬರುತ್ತೆ, ಜನ ಯಾರು? ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಪ್ರಶ್ನೆಗಳ ಪಟ್ಟಿ ಕೊಟ್ಟು ಬುಕಾನನ್‌ನನ್ನು ಕಳಿಸಿದ. 1800ರ ಏಪ್ರಿಲ್‌ನಲ್ಲಿ ಮದ್ರಾಸ್ ಬಿಟ್ಟವನು ಮೈಸೂರು ಸೀಮೆ, ಮಲಬಾರ್, ಕರಾವಳಿ ಎಲ್ಲ ಸುತ್ತಿ, ಘಟ್ಟ ಹತ್ತಿ, ಬನವಾಸಿ, ಇಕ್ಕೇರಿ, ನಗರ, ಶಿವಮೊಗ್ಗ ನೋಡ್ಕೊಂಡು ನಮ್ಮ ಕಡೆ ಬಂದ. ಮತ್ತೆ ಮದ್ರಾಸ್ ಸೇರಿದ್ದು 1801ರ ಜುಲೈನಲ್ಲಿ. ಒಂದು ವರ್ಷದ ಮೇಲೆ ತಿರುಗಾಟ.

ಆಗ ಹರಿಹರದಲ್ಲಿ ಸೇತುವೆ ಇಲ್ಲ. ಬಹಳ ಜನ ಫೋಟೋ ತೆಗೆಸಿಕೊಳ್ಳೋ ಆ ಕಲ್ಲಿನ ಕಮಾನು ಸೇತುವೆ ಮುಗಿದಿದ್ದು 1868ರಲ್ಲಿ. 1801ರಲ್ಲಿ ಹೊಳೆ ಅಂದರೆ ಗಡಿ. ಈಚೆ ಮೈಸೂರು, ಆಚೆ ಮರಾಠರ ಸೀಮೆ. ಗುಡಿ ಮಾತ್ರ ಆಗಲೇ ಹಳೇದು, 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಅಲ್ಲಿನ ಕಲ್ಲುಗಳ ಮೇಲೆ ಅಕ್ಷರ ಕೆತ್ತಿಸಿದವರೂ ಓದುಗರನ್ನು ಮನಸ್ಸಲ್ಲಿಟ್ಟುಕೊಂಡೇ ಬರೆಸಿದವರು. ಆದರೆ ಶಾಸನದಲ್ಲಿ ದಾನ, ಧರ್ಮ, ಬಿರುದು ಇರುತ್ತೆ. ಇವತ್ತು ಸಂತೆಯಲ್ಲಿ ಏನು ನಡೀತು ಅಂತ ಯಾರೂ ಕಲ್ಲಲ್ಲಿ ಕೆತ್ತಿಸಲ್ಲ. ಆ ಕೆಲಸ ಬುಕಾನನ್ ಮಾಡಿದ.

ದಾವಣಗೆರೆಯನ್ನ ಅವನು 'ದಾವನ-ಗಿರಿ' ಅಂತ ಬರೀತಾನೆ. ನಮ್ಮೂರಲ್ಲಿ ಗಿರಿ ಎಲ್ಲಿದೆ ಸ್ವಾಮಿ? ಯಾರೋ 'ಗೆರೆ' ಅಂದಿದ್ದಾರೆ, ಇವನ ಕಿವಿಗೆ 'ಗಿರಿ' ಬಿದ್ದಿದೆ. ಕೆರೆ ಗುಡ್ಡ ಆಯ್ತು. ಕನ್ನಡ ಬಾರದವನು, ದುಭಾಷಿಯನ್ನ ಮುಂದಿಟ್ಟುಕೊಂಡು ಕೇಳಿ ಬರೆದವನು, ಇಂಥವು ನಡೆಯೋದೇ.

ಆದರೆ ಅವನು ಕೊಡೋ ಸುದ್ದಿ ನೋಡಿ. ಸ್ವಲ್ಪ ಕಾಲದ ಹಿಂದೆ ಇದು ಬಡ ಹಳ್ಳಿ. ಹೈದರಾಲಿ ಇದನ್ನ ಅಪ್ಪೋಜಿ ರಾಮ್ ಅನ್ನೋ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಅವನು ವ್ಯಾಪಾರಿಗಳನ್ನ ಕರೆದು, ಅನುಕೂಲ ಮಾಡಿಕೊಟ್ಟು ಕೂರಿಸಿದ, ಊರು ಬೆಳೀತು. ಸುತ್ತಮುತ್ತ ಕುರಿ, ಕುರಿಯಿಂದ ಉಣ್ಣೆ, ಉಣ್ಣೆಯಿಂದ ಕಂಬಳಿ. ಮಲೆನಾಡಿನ ಅಡಿಕೆ, ಮೆಣಸು ನಮ್ಮೂರ ವ್ಯಾಪಾರಿಗಳ ಕೈ ದಾಟಿ ಆರ್ಕಾಟ್ ಸೀಮೆಯ ವಾಲಾಜಾಪೇಟೆಗೆ ಹೋಗೋದು, ಮದ್ರಾಸ್ ಬಂದರಿಗೆ ಬಂದ ಸರಕು ವಾಪಸ್ ಬರೋದು. ಮುಂದೆ ಲೂಯಿಸ್ ರೈಸ್ ತಮ್ಮ ಗೆಜೆಟಿಯರ್‌ನಲ್ಲೂ ಈ ವ್ಯಾಪಾರದ ಮಾತು ಬರೆದರು. ಹತ್ತಿ ಗಿರಣಿ ಬರೋದಕ್ಕೂ ಬಹಳ ಮೊದಲೇ, ಬೆಣ್ಣೆದೋಸೆಗಿಂತಲೂ ಮೊದಲೇ, ಇದು ವ್ಯಾಪಾರದ ಊರು.

ಇನ್ನೊಂದು ವಿಷಯ, ನನಗೆ ಬಹಳ ಇಷ್ಟವಾದದ್ದು. ಈ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾಯ್ತು. ಬುಕಾನನ್‌ಗೆ ಅದನ್ನ ತಿದ್ದಿ, ಚಿಕ್ಕದು ಮಾಡಿ, ವಿಷಯದ ಪ್ರಕಾರ ಜೋಡಿಸೋ ಆಸೆ ಇತ್ತು. ಆದರೆ ಅವನು ಇಂಗ್ಲೆಂಡ್ ಮುಟ್ಟೋ ಹೊತ್ತಿಗೆ ಅಚ್ಚಿನ ಕೆಲಸ ಶುರುವಾಗಿತ್ತು, ಅವನಿಗೆ ಅಲ್ಲಿ ಹೆಚ್ಚು ದಿನ ಇರೋಕೂ ಆಗ್ತಿರಲಿಲ್ಲ. ಹಾಗಾಗಿ ಬರೆದದ್ದು ಬರೆದ ಹಾಗೇ ಉಳೀತು. ಒಂದೇ ಮಾತು ಎರಡು ಸಲ ಬರುತ್ತೆ, ಓದ್ತಾ ಓದ್ತಾ ಬೇಜಾರೂ ಆಗುತ್ತೆ, ಸುಳ್ಳು ಹೇಳಲ್ಲ. ಆದರೆ ತಿದ್ದಿದ್ದರೆ ಯಾವ ದಿನ ಯಾವ ಊರಲ್ಲಿ ಏನು ಕೇಳಿದ ಅನ್ನೋದು ಕಳೆದುಹೋಗ್ತಿತ್ತು. ನಮ್ಮ ಎರಡು ಊರು ಅಕ್ಕಪಕ್ಕದ ಪುಟಗಳಲ್ಲಿ, ನಡೆದು ಬಂದ ಕ್ರಮದಲ್ಲೇ ಸಿಗೋದು ಆ ಅವಸರದಿಂದ.

ಹಾಗಂತ ಅವನನ್ನ ತಲೆ ಮೇಲೆ ಹೊತ್ಕೊಳ್ಳೋದು ಬೇಡ. ಅವನ ಮೊದಲ ಓದುಗ ಕಂಪನಿ ಸರ್ಕಾರ. ತೆರಿಗೆ ಎಲ್ಲಿ ಹುಟ್ಟುತ್ತೆ ಅಂತ ತಿಳಿಯೋಕೆ ಹಣ ಕೊಟ್ಟು ಬರೆಸಿದ್ದು. ಜಹಗೀರುದಾರ ಅಪ್ಪೋಜಿ ರಾಮ್ ಹೆಸರು ಸಿಕ್ಕಿತು. ಬಿಸಿಲಲ್ಲಿ ಕೂತು ಕಂಬಳಿ ವಿಷಯ ಹೇಳಿದವರ ಹೆಸರು ನಾನು ಹುಡುಕಿದೆ, ಸಿಗಲಿಲ್ಲ. ಅವರು ಹೇಳಿದ್ದು ಲಂಡನ್ನಿಗೆ ಹೋಯ್ತು, ಅವರಿಗೆ ವಾಪಸ್ ಬರಲಿಲ್ಲ.

ನಮ್ಮವರೇ ಬರೆದದ್ದು ಇರಲಿಲ್ವಾ? ಇತ್ತು. ಇಲ್ಲಿ ನನ್ನ ಮನೆಯ ಮಾತು ಹೇಳಲೇಬೇಕು.

ನಮ್ಮಜ್ಜ ದಾವಣಗೆರೆಯ ದಲಾಲಿ ಮಂಡಿಯೊಂದರಲ್ಲಿ ಗುಮಾಸ್ತ. ಬಾಕಿ ವಸೂಲಿಗೆ ಹರಿಹರ, ರಾಣೆಬೆನ್ನೂರು, ಹುಬ್ಬಳ್ಳಿ ಅಂತ ತಿರುಗೋರು. ಹೋದ ಊರಿಂದೆಲ್ಲ ಮನೆಗೆ ಒಂದೊಂದು ಕಾರ್ಡು. ಈ ಪೋಸ್ಟ್‌ಕಾರ್ಡ್ ನಮ್ಮ ದೇಶಕ್ಕೆ ಬಂದಿದ್ದು 1879ರಲ್ಲಿ, ಬೆಲೆ ಕಾಲಾಣೆ. ಅಜ್ಜನ ಕಾಲಕ್ಕೆ ಜಾಸ್ತಿ ಆಗಿತ್ತು, ಆದರೂ ಅಗ್ಗವೇ. ಅಜ್ಜಿಗೆ ಓದೋಕೆ ಬರ್ತಿರಲಿಲ್ಲ, ಪೋಸ್ಟ್‌ಮ್ಯಾನೇ ಬಾಗಿಲಲ್ಲಿ ನಿಂತು ಓದಿ ಹೇಳೋರು. ನಮ್ಮವ್ವ ಸೊಸೆಯಾಗಿ ಬಂದ ಮೇಲೆ ಓದೋ ಕೆಲಸ ಅವಳಿಗೆ ಬಂತು. ಓದಿದ ಕಾರ್ಡನ್ನ ಅಡುಗೆಮನೆ ಗೋಡೆಯ ತಂತಿಗೆ ಚುಚ್ಚಿಡೋರು. ಜೋಳದ ಧಾರಣೆ, ಮಳೆ ಆಯ್ತೋ ಇಲ್ವೋ, ಯಾರ ಮನೇಲಿ ಊಟ, ಎಲ್ಲ ಅದರಲ್ಲಿ. ವರ್ಷಗಟ್ಟಲೆ ತುಂಬಿದ್ದ ತಂತಿ.

ಮನೆಗೆ ಸುಣ್ಣ ಹೊಡೆಸುವಾಗ ಅದನ್ನ ಬಿಚ್ಚಿ ರದ್ದಿಗೆ ಹಾಕಿದವನು ನಾನೇ. ಪಿಯುಸಿ ಓದ್ತಿದ್ದೆ. ಧೂಳು ಹಿಡಿದ ಕಾಗದ ಅಂತ ಒಂದನ್ನೂ ಓದಿ ನೋಡಲಿಲ್ಲ.

ಈ ಎಪಿಸೋಡಿಗೆ ಬುಕಾನನ್ ಓದ್ತಾ ಇರುವಾಗ ಅವ್ವನನ್ನ ಕೇಳಿದೆ, "ಅಜ್ಜನ ಕಾರ್ಡಿನಾಗ ಏನಿರ್ತಿತ್ತು, ಒಂದಾದ್ರೂ ನೆನಪೈತೇನವ್ವ?"

ಅವ್ವ ಸೊಪ್ಪು ಬಿಡಿಸ್ತಾ ಇದ್ದವಳು ತಲೆ ಎತ್ತಲಿಲ್ಲ. "ಎಲ್ಲಾ ಒಂದೇ ತರ ಬರೀತಿದ್ರು ಬಿಡು" ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಒಂದನ್ನ ಬಾಯಿಪಾಠದ ಹಾಗೆ ಹೇಳಿದಳು. "ಹರಿಹರ. ಇಲ್ಲಿ ಕ್ಷೇಮ. ಹೊಳೆ ತುಂಬಿದೆ, ಸೇತುವೆ ಮೇಲೆ ನಿಂತು ನೋಡಿದೆ. ಹಣ ಅರ್ಧ ಬಂದಿದೆ. ನಾಳೆ ಸಂಜೆಗೆ ಬರುತ್ತೇನೆ, ಮಗುವಿಗೆ ಟೋಪಿ ತಂದಿದ್ದೇನೆ."

ಆ ಮಗು ಯಾರು ಅಂತ ಕೇಳಿದೆ. ನಮ್ಮಪ್ಪ ಅಲ್ಲ, ಅಪ್ಪ ಆಗಲೇ ದೊಡ್ಡವರು. ನಾನಂತೆ.