ರಣರಂಗದ ಮಾರ್ಪಾಡು: ಮಾದರಿ ಯುದ್ಧವಾಹನಗಳಲ್ಲಿ ಅದರ ಚರಿತ್ರೆ

ಕಾರ್ಖಾನೆಯಿಂದ ಹೊರಬಿದ್ದ ಟ್ಯಾಂಕು, ಜೀಪು, ಲಾರಿಗಳಿಗೆ ಸೈನಿಕರು ಯುದ್ಧಭೂಮಿಯಲ್ಲೇ ಕೈಗೆ ಸಿಕ್ಕ ಸಾಮಗ್ರಿಯಿಂದ ಮಾಡಿಕೊಂಡ ಬದಲಾವಣೆಗಳಿಗೆ ರಣರಂಗದ ಮಾರ್ಪಾಡು ಎಂದು ಹೆಸರು. ಅವನ್ನು 1:35, 1:48, 1:72 ಅಳತೆಯ ಮಾದರಿಗಳಲ್ಲಿ ನಿಜಕ್ಕೆ ಒಪ್ಪುವಂತೆ ಮೂಡಿಸುವುದು ಮಾದರಿ ಕಲೆಯ ಒಂದು ಮುಖ್ಯ ಶಾಖೆ. ಮರಳಿನ ಚೀಲ, ಮರದ ದಿಮ್ಮಿ, ಹೆಚ್ಚುವರಿ ಟ್ರ್ಯಾಕ್ ಕೊಂಡಿ, ವೆಲ್ಡ್ ಮಾಡಿದ ಉಕ್ಕಿನ ತಗಡು, ತಂತಿಬಲೆ, ಕಾಂಕ್ರೀಟು ಇದರಲ್ಲಿ ಹೆಚ್ಚಾಗಿ ಕಾಣುವ ವಸ್ತುಗಳು. ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕುಗಳ ಮೇಲಿನ ಗೀರುಗೀರಾದ ಜಿಮ್ಮೆರಿಟ್ ಲೇಪವನ್ನೂ ಪಕ್ಕದ ಶೂರ್ಟ್ಸೆನ್ ತಗಡುಗಳನ್ನೂ ಹಲವರು ಇದೇ ಸಾಲಿಗೆ ಸೇರಿಸುವುದುಂಟು. ಅವು ಸಾಮಾನ್ಯವಾಗಿ ಕಾರ್ಖಾನೆಯ ಕೆಲಸವಾದ್ದರಿಂದ ಇಲ್ಲಿ ಸೇರುವುದಿಲ್ಲ.

ಈ ಶಾಖೆಗೆ ಅತಿ ಹೆಚ್ಚು ವಸ್ತು ಒದಗಿಸಿದ ವಾಹನ ಅಮೆರಿಕದ ಷರ್ಮನ್ ಟ್ಯಾಂಕು. 1944ರ ಜೂನ್‌ನಲ್ಲಿ ನಾರ್ಮಂಡಿಯಲ್ಲಿ ಇಳಿದ ಅಮೆರಿಕದ ಪಡೆಗಳಿಗೆ ಅಲ್ಲಿನ ಹೊಲಗಳ ಸುತ್ತ ಇದ್ದ ಮಣ್ಣಿನ ಏರಿ ಮತ್ತು ಅದರ ಮೇಲೆ ದಟ್ಟವಾಗಿ ಬೆಳೆದ ಪೊದೆ ದೊಡ್ಡ ಅಡ್ಡಿಯಾದವು. ಏರಿ ಹತ್ತಿದ ಟ್ಯಾಂಕು ತನ್ನ ತೆಳುವಾದ ಹೊಟ್ಟೆಯನ್ನು ಶತ್ರುವಿಗೆ ಒಡ್ಡುತ್ತಿತ್ತು. 102ನೇ ಕ್ಯಾವಲ್ರಿ ಸ್ಕ್ವಾಡ್ರನ್ನಿನ ಸಾರ್ಜೆಂಟ್ ಕರ್ಟಿಸ್ ಕಲಿನ್ ಇದಕ್ಕೊಂದು ದಾರಿ ಕಂಡುಕೊಂಡರು. ಜರ್ಮನರು ಕಡಲತೀರದಲ್ಲಿ ಅಡ್ಡಗಟ್ಟಲು ನೆಟ್ಟಿದ್ದ ಉಕ್ಕಿನ ತೊಲೆಗಳನ್ನೇ ಕತ್ತರಿಸಿ ಟ್ಯಾಂಕಿನ ಮೂತಿಗೆ ಹಲ್ಲುಗಳಂತೆ ವೆಲ್ಡ್ ಮಾಡಿಸಿದರು. ಹಲ್ಲುಗಳು ಏರಿಯೊಳಗೆ ನಾಟಿಕೊಂಡು ಟ್ಯಾಂಕು ಮೇಲೇಳದಂತೆ ಹಿಡಿದವು. ವಾಹನ ಮಣ್ಣು, ಬೇರು ಸಮೇತ ನೇರವಾಗಿ ನುಗ್ಗಿತು. ಜುಲೈ ಮಧ್ಯದಲ್ಲಿ ಇದನ್ನು ಕಣ್ಣಾರೆ ಕಂಡ ಜನರಲ್ ಒಮರ್ ಬ್ರಾಡ್ಲಿ ತಕ್ಷಣ ಸಾಮೂಹಿಕ ತಯಾರಿಕೆಗೆ ಆಜ್ಞೆ ಕೊಟ್ಟರು. ಜುಲೈ 25ರಂದು ನಾರ್ಮಂಡಿಯಿಂದ ಹೊರನುಗ್ಗುವ ಆಪರೇಷನ್ ಕೋಬ್ರಾ ಎಂಬ ದಾಳಿ ಶುರುವಾಗುವ ಹೊತ್ತಿಗೆ ಇಂಥ 500ಕ್ಕೂ ಹೆಚ್ಚು ಹಲ್ಲುಗಳು ತಯಾರಾಗಿದ್ದವು.

ಇದರಲ್ಲಿ ಮಾದರಿ ಮಾಡುವವರಿಗೆ ಎರಡು ಪಾಠಗಳಿವೆ. ಒಂದು, ಇವನ್ನು ಗ್ಯಾಸ್ ಕಟಿಂಗ್‌ನಲ್ಲಿ ಅವಸರದಿಂದ ಕತ್ತರಿಸಿದ್ದರಿಂದ ಅಂಚು ನುಣುಪಾಗಿರಲಿಲ್ಲ, ವೆಲ್ಡಿಂಗ್ ಗೆರೆ ಉಬ್ಬುತಗ್ಗಾಗಿತ್ತು. ಮಾದರಿಯ ಪ್ಲಾಸ್ಟಿಕ್ ಕಿಟ್ಟಿನಲ್ಲಿ ಬರುವ ನೀಟಾದ ಭಾಗವನ್ನು ಹಾಗೇ ಅಂಟಿಸಿದರೆ ಅದು ಕಾರ್ಖಾನೆಯ ಮಾಲಿನಂತೆ ಕಾಣುತ್ತದೆ. ಎರಡನೆಯದು ಕಾಲದ ವಿಷಯ. ಗುಟ್ಟು ಬಯಲಾಗಬಾರದೆಂದು ಕೋಬ್ರಾ ತನಕ ಈ ಹಲ್ಲುಗಳನ್ನು ಬಳಸದಂತೆ ಬ್ರಾಡ್ಲಿ ತಡೆಹಿಡಿದಿದ್ದರು. ಹಾಗಾಗಿ ಜೂನ್ 6ರ ಕಡಲತೀರದ ದೃಶ್ಯದಲ್ಲಿ ಹಲ್ಲುಳ್ಳ ಷರ್ಮನ್ ನಿಲ್ಲಿಸುವುದು ಚರಿತ್ರೆಗೆ ಒಪ್ಪುವುದಿಲ್ಲ.

ಮರಳಿನ ಚೀಲದ ಕಥೆ ಇನ್ನಷ್ಟು ಸೂಕ್ಷ್ಮ. ಪಾಂಜರ್‌ಫೌಸ್ಟ್ ಎಂಬ ಜರ್ಮನ್ ಕೈ ಆಯುಧದ ಭಯಕ್ಕೆ ಷರ್ಮನ್ ಸಿಬ್ಬಂದಿ ಟ್ಯಾಂಕಿನ ಮುಂದೆಯೂ ಪಕ್ಕದಲ್ಲೂ ಚೀಲ ಪೇರಿಸಿದರು. ಏಳನೇ ಸೇನೆಯ 14ನೇ ಆರ್ಮರ್ಡ್ ಡಿವಿಜನ್ನಿನಲ್ಲಿ ಕಬ್ಬಿಣದ ಚೌಕಟ್ಟು ವೆಲ್ಡ್ ಮಾಡಿ ಅದರೊಳಗೆ ಚೀಲ ಜೋಡಿಸುವುದೇ ಪದ್ಧತಿಯಾಯಿತು. ಮೂರನೇ ಸೇನೆಯ ಜನರಲ್ ಪ್ಯಾಟನ್ ಇದಕ್ಕೆ ಕಡು ವಿರೋಧಿ. ಚೀಲದ ಭಾರದಿಂದ ಎಂಜಿನ್ನೂ ಸಸ್ಪೆನ್ಷನ್ನೂ ಬೇಗ ಹಾಳಾಗುತ್ತವೆ ಎಂಬುದು ಅವರ ವಾದ. ಬದಲಿಗೆ 1945ರ ಆರಂಭದಲ್ಲಿ ಕೆಟ್ಟುನಿಂತ ಟ್ಯಾಂಕುಗಳಿಂದ ಕತ್ತರಿಸಿದ ಉಕ್ಕಿನ ಫಲಕಗಳನ್ನು ಅವರ ಸೇನೆಯ ಷರ್ಮನ್‌ಗಳಿಗೆ ಹಾಕಿಸಲಾಯಿತು. ಹೀಗಾಗಿ ಒಂದು ಷರ್ಮನ್ ಯಾವ ಸೇನೆಗೆ ಸೇರಿದ್ದು, ಯಾವ ತಿಂಗಳಿನದು ಎಂದು ಗೊತ್ತಿಲ್ಲದೆ ಅದರ ಮೇಲೆ ಏನು ಹೇರಬೇಕು ಎಂದು ತೀರ್ಮಾನಿಸಲು ಬರುವುದಿಲ್ಲ. ಈ ಶಾಖೆಯ ಹಿರಿಮೆ ಇರುವುದೇ ಇಲ್ಲಿ. ಪ್ರತಿ ಮಾರ್ಪಾಡೂ ಒಂದು ಊರಿನ, ಒಂದು ಋತುವಿನ, ಒಂದು ನಿರ್ದಿಷ್ಟ ಅಪಾಯಕ್ಕೆ ಸೈನಿಕರು ಕೊಟ್ಟ ಉತ್ತರ. ಅದನ್ನು ಅಲಂಕಾರವೆಂದು ನೋಡುವವರ ಮಾದರಿ ಎಷ್ಟೇ ಚೆಂದವಿದ್ದರೂ ಸುಳ್ಳು ಹೇಳುತ್ತದೆ.

ಅಪಾಯ ಬದಲಾದಂತೆ ರೂಪವೂ ಬದಲಾಗಿದೆ. ಪೆಸಿಫಿಕ್‌ನ ಇವೋ ಜಿಮಾ ದ್ವೀಪದಲ್ಲಿ 1945ರ ಫೆಬ್ರುವರಿಯಲ್ಲಿ ಹೋರಾಡಿದ ಅಮೆರಿಕದ ಮರೀನ್ ಟ್ಯಾಂಕುಗಳ ಪಕ್ಕಕ್ಕೆ ಮರದ ಹಲಗೆ, ಮೇಲಿನ ಮುಚ್ಚಳಗಳಿಗೆ ತಂತಿಪಂಜರ ಇಲ್ಲವೇ ಮೊನೆ ಮೇಲಾದ ಮೊಳೆಗಳು ಬಂದವು. ಜಪಾನಿ ಸೈನಿಕರು ಓಡಿಬಂದು ಅಯಸ್ಕಾಂತದ ಸಿಡಿಮದ್ದನ್ನು ಟ್ಯಾಂಕಿಗೇ ಅಂಟಿಸುತ್ತಿದ್ದುದು ಇದಕ್ಕೆ ಕಾರಣ. ಯುರೋಪಿನ ಜೀಪುಗಳ ಮುಂದಿನ ಬಂಪರಿಗೆ ಕಬ್ಬಿಣದ ಆ್ಯಂಗಲ್ ಒಂದನ್ನು ನೆಟ್ಟಗೆ ನಿಲ್ಲಿಸಿದ್ದು ರಸ್ತೆಗೆ ಅಡ್ಡಲಾಗಿ ಕಟ್ಟಿದ ತಂತಿ ಸವಾರರ ಕುತ್ತಿಗೆಗೆ ತಾಗದಿರಲೆಂದು. ಬರ್ಲಿನ್ ಕದನದ ಸೋವಿಯತ್ ಟ್ಯಾಂಕುಗಳಿಗೆ ಮಂಚದ ಸ್ಪ್ರಿಂಗು ಕಟ್ಟಿದ್ದರೆಂಬ ಮಾತು ಮಾದರಿಕಾರರ ನಡುವೆ ಬಲವಾಗಿ ಬೇರೂರಿದೆ. ಆದರೆ ಪ್ರಸಿದ್ಧ ಛಾಯಾಚಿತ್ರಗಳಲ್ಲಿ ಕಾಣುವುದು ಅಳತೆಗೆ ತಕ್ಕಂತೆ ಮಾಡಿದ ಚೌಕಟ್ಟಿನ ತಂತಿಬಲೆಗಳು.

ಭಾರತೀಯ ಸೇನೆಯ ಒಂದು ಮಾರ್ಪಾಡು ಇವೆಲ್ಲಕ್ಕಿಂತ ಭಿನ್ನ. ಅಲ್ಲಿ ಏನನ್ನೂ ಸೇರಿಸಲಿಲ್ಲ, ತೆಗೆದರು. 1948ರ ಕಾಶ್ಮೀರ ಯುದ್ಧದಲ್ಲಿ ಸುಮಾರು 3,500 ಮೀಟರ್ ಎತ್ತರದ ಜೋಜಿಲಾ ಕಣಿವೆದಾರಿಯನ್ನು ಪಾಕಿಸ್ತಾನಿ ಪಡೆಗಳಿಂದ ಬಿಡಿಸಿಕೊಳ್ಳಲು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ. ಎಸ್. ತಿಮ್ಮಯ್ಯ ಟ್ಯಾಂಕುಗಳನ್ನೇ ಮೇಲೇರಿಸಲು ನಿರ್ಧರಿಸಿದರು. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಗೋಪುರಗಳನ್ನು ಕಳಚಿ, ಟ್ಯಾಂಕು ಎಂದು ಯಾರಿಗೂ ತಿಳಿಯದಂತೆ ಮುಚ್ಚಿ ಸಾಗಿಸಲಾಯಿತು. ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ಯೋಧರು ಬಾಲ್ತಲ್‌ನಿಂದ ಮೇಲಕ್ಕೆ ಹೋಗುವ ಹೇಸರಗತ್ತೆಯ ದಾರಿಯನ್ನು ಟ್ಯಾಂಕು ಹತ್ತುವಷ್ಟು ಅಗಲ ಮಾಡಿದರು. ಗೋಪುರ ಮತ್ತೆ ಕೂಡಿಸಿಕೊಂಡ ಟ್ಯಾಂಕುಗಳು ನವೆಂಬರ್ 1ರಂದು ದಾಳಿ ಮಾಡಿದವು. ತಿಮ್ಮಯ್ಯ ಸ್ವತಃ ಮುಂಚೂಣಿಯ ಟ್ಯಾಂಕಿನಲ್ಲಿದ್ದರು. ಸ್ಟುವರ್ಟ್ ಟ್ಯಾಂಕಿನ ಕಿಟ್ಟುಗಳು 1:35ರಲ್ಲಿ ಸಿಗುತ್ತವೆ. ಗೋಪುರವಿಲ್ಲದ, ಟಾರ್ಪಾಲು ಹೊದ್ದ ಸ್ಟುವರ್ಟ್ ಮಾದರಿ ಈ ಇಡೀ ಕಾರ್ಯಾಚರಣೆಯ ಜಾಣತನವನ್ನು ಒಂದೇ ನೋಟಕ್ಕೆ ತೋರಿಸಬಲ್ಲದು.

ವಿಯೆಟ್ನಾಂನಲ್ಲಿ ಮಾರ್ಪಾಡು ತಾನೇ ಒಂದು ಹೊಸ ವಾಹನವಾಗಿ ಬೆಳೆಯಿತು. 1963ರ ಜನವರಿಯಲ್ಲಿ ಆಪ್ ಬಾಕ್ ಕದನದಲ್ಲಿ ಸೈನಿಕರನ್ನು ಸಾಗಿಸುವ ಎಂ113 ಕವಚವಾಹನಗಳ ಮೇಲೆ ಮರೆಯಿಲ್ಲದೆ ನಿಂತು ಗುಂಡು ಹಾರಿಸುತ್ತಿದ್ದ ದಕ್ಷಿಣ ವಿಯೆಟ್ನಾಮೀ ಸೈನಿಕರು ಹತರಾದರು. ಆಮೇಲೆ ಮುಳುಗಿದ ಹಡಗೊಂದರ ತಗಡು ಕತ್ತರಿಸಿ ಮೆಷಿನ್‌ಗನ್ನಿಗೆ ಗುರಾಣಿ ಮಾಡಿಕೊಂಡರು. ಆ ಉಕ್ಕು ಮೆದುವಾಗಿತ್ತು, ಗುಂಡು ತೂರಿಹೋಗುತ್ತಿತ್ತು. ಆದರೂ ಇದೇ ಉಪಾಯ ಸುಧಾರಿಸುತ್ತ ಹೋಗಿ ಕೊನೆಗೆ ಕಾರ್ಖಾನೆಯಲ್ಲೇ ತಯಾರಾಗುವ ಕವಚದ ಕಿಟ್ ಆಯಿತು. 1967ರ ಸೆಪ್ಟೆಂಬರ್ 2ರಂದು 19ನೇ ಹೆದ್ದಾರಿಯಲ್ಲಿ ಅಮೆರಿಕದ ಸಾಮಾನು ಲಾರಿಗಳ ಸಾಲಿನ ಮೇಲೆ ಹೊಂಚುದಾಳಿ ನಡೆದ ನಂತರ ಗನ್ ಟ್ರಕ್ಕುಗಳು ಹುಟ್ಟಿದವು. ಮೊದಲು ಮರಳಿನ ಚೀಲ ಕಟ್ಟಿದರು. ಮಳೆಗೆ ಚೀಲ ನೀರು ಕುಡಿದು ಲಾರಿ ಏಳದಷ್ಟು ಭಾರವಾಯಿತು, ಆಗ ಉಕ್ಕಿನ ತಗಡಿಗೆ ತಿರುಗಿದರು. ಪ್ರತಿ ಲಾರಿಗೂ ಹೆಸರಿಟ್ಟು ಬಣ್ಣ ಬಳಿದರು. ಅವುಗಳಲ್ಲಿ ‘ಈವ್ ಆಫ್ ಡಿಸ್ಟ್ರಕ್ಷನ್’ ಎಂಬುದು ವರ್ಜೀನಿಯಾದ ಫೋರ್ಟ್ ಯೂಸ್ಟಿಸ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇದೆ. ಮಾದರಿಕಾರರಿಗೆ ಇದು ದೊಡ್ಡ ಭಾಗ್ಯ.

ಇಂಥ ವಾಹನಗಳ ಮಾದರಿ ಮಾಡುವ ಹವ್ಯಾಸ ಬೆಳೆದದ್ದು ಪ್ಲಾಸ್ಟಿಕ್ ಕಿಟ್ಟುಗಳ ಜೊತೆಗೆ. ಬ್ರಿಟನ್ನಿನ ಏರ್‌ಫಿಕ್ಸ್ 1960ರ ದಶಕದ ಆರಂಭದಲ್ಲಿ 1:76 ಅಳತೆಯ ಟ್ಯಾಂಕುಗಳನ್ನು ತಂದಿತು. ಅದೇ ಸುಮಾರಿಗೆ ಜಪಾನಿನ ಶಿಜುವೊಕಾ ಪಟ್ಟಣದ ತಮಿಯಾ ಕಂಪನಿ ಮೋಟಾರಿನಿಂದ ಓಡುವ ಪ್ಯಾಂಥರ್ ಟ್ಯಾಂಕನ್ನು ಹೊರತಂದಿತು. ಅದರೊಳಗೆ ಬ್ಯಾಟರಿ ಹಿಡಿಸುವಂತೆ ಆರಿಸಿಕೊಂಡ ಅಳತೆಯೇ ಮುಂದೆ 1:35 ಆಗಿ ಜಗತ್ತಿನಾದ್ಯಂತ ನೆಲೆನಿಂತಿತು. ಆ ದಿನಗಳ ಹವ್ಯಾಸಿಗಳಿಗೆ ಕಿಟ್ ಹೇಗಿದೆಯೋ ಹಾಗೆ ಜೋಡಿಸುವುದೇ ಗುರಿ.

ಇದನ್ನು ಬದಲಿಸಿದವರಲ್ಲಿ ಅಮೆರಿಕದ ಶೆಪರ್ಡ್ ಪೇನ್ ಮೊದಲಿಗರು. 1970ರ ದಶಕದಲ್ಲಿ ಮೋನೋಗ್ರಾಂ ಕಂಪನಿಯ ಕಿಟ್ಟುಗಳ ಜೊತೆ ಬರುತ್ತಿದ್ದ ಅವರ ಡಯೊರಾಮಾ (ದೃಶ್ಯಮಾದರಿ) ಕರಪತ್ರಗಳು ಒಂದು ಪೀಳಿಗೆಯ ಕಣ್ಣು ತೆರೆಸಿದವು: ವಾಹನವೆಂದರೆ ಸಿಬ್ಬಂದಿ ವಾಸಿಸಿದ, ಬಳಸಿದ, ರಿಪೇರಿ ಮಾಡಿಕೊಂಡ ಜಾಗ ಎಂದು ಅವು ತೋರಿಸಿಕೊಟ್ಟವು. ಬೆಲ್ಜಿಯಂನ ಫ್ರಾನ್ಸ್ವಾ ವರ್ಲಿಂಡನ್ ಚೀಲ, ಪೆಟ್ಟಿಗೆ, ಟಾರ್ಪಾಲುಗಳನ್ನು ರೆಸಿನ್ನಿನಲ್ಲಿ ಎರಕ ಹೊಯ್ದು ಮಾರಿದರು. ಅನುಕೂಲವೇನೋ ಆಯಿತು. ಜೊತೆಗೆ ಒಂದೇ ಅಚ್ಚಿನ ಸರಂಜಾಮನ್ನು ಎಲ್ಲ ಟ್ಯಾಂಕುಗಳ ಮೇಲೂ ಹೇರುವ ಚಟವೂ ಹರಡಿತು. 1989ರಲ್ಲಿ ಶುರುವಾದ ಜೆಕ್ ದೇಶದ ಎಡ್ವಾರ್ಡ್‌ನಂಥ ಕಂಪನಿಗಳು ಫೋಟೋ-ಎಚ್ (ರಾಸಾಯನಿಕದಿಂದ ಕೊರೆದ) ಹಿತ್ತಾಳೆ ಭಾಗಗಳನ್ನು ಎಲ್ಲರ ಕೈಗೆಟಕಿಸಿದ ಮೇಲೆ ತಂತಿಬಲೆ, ತೆಳುತಗಡುಗಳ ಕೆಲಸ ಹಗುರವಾಯಿತು.

ತಂತ್ರಗಳ ಮೂಲ ಸರಳ ಲೆಕ್ಕ. ನಿಜವಾದ 10 ಮಿ.ಮೀ. ತಗಡು 1:35ರಲ್ಲಿ 0.3 ಮಿ.ಮೀ.ಗೂ ಕಡಿಮೆ, ಷರ್ಮನ್ ಮೂತಿಯ 51 ಮಿ.ಮೀ. ಉಕ್ಕು ಸುಮಾರು 1.5 ಮಿ.ಮೀ. ಆಗುತ್ತದೆ. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಮಾಡಿದ ತೆಳುತಗಡು ಎಷ್ಟು ಬಣ್ಣ ಬಳಿದರೂ ಮೋಸ ಬಯಲುಮಾಡುತ್ತದೆ. ವೆಲ್ಡಿಂಗ್ ಗೆರೆಗೆ ಕಿಟ್ಟಿನ ಸ್ಪ್ರೂವನ್ನು (ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಯನ್ನು) ಬಿಸಿಮಾಡಿ ಎಳೆದ ದಾರವನ್ನು ಅಂಟಿಸಿ, ದ್ರವ ಅಂಟಿನಿಂದ ಮೆತ್ತಗಾಗಿಸಿ, ಚಾಕುವಿನ ತುದಿಯಿಂದ ಒತ್ತೊತ್ತಾಗಿ ಗುರುತು ಮಾಡುತ್ತಾರೆ. ಮರಳಿನ ಚೀಲಕ್ಕೆ ಎಪಾಕ್ಸಿ ಪುಟ್ಟಿ ಉತ್ತಮ. ಉಂಡೆಯನ್ನು ಚಪ್ಪಟೆ ಮಾಡಿ, ಹಸಿಯಿರುವಾಗಲೇ ಟ್ಯಾಂಕಿನ ಮೇಲಿಟ್ಟು, ಮೇಲೊಂದು ಚೀಲ ಒತ್ತಿದರೆ ಕೆಳಗಿನದು ಉಬ್ಬಿ ಪಕ್ಕಕ್ಕೆ ಹರಿಯುತ್ತದೆ. ತೆಳು ಬಟ್ಟೆ ಒತ್ತಿ ನೇಯ್ಗೆ ಮೂಡಿಸಿ, ಬಾಯಿಹೊಲಿಗೆ ಗೀರಬೇಕು. ಒಣಗಿದ ಚೀಲಗಳನ್ನು ಆಮೇಲೆ ಪೇರಿಸಿದರೆ ನಡುವೆ ಸಂದು ಉಳಿದು ಭಾರವೇ ಇಲ್ಲದಂತೆ ಕಾಣುತ್ತವೆ.

ಭಾರದ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಟನ್ನುಗಟ್ಟಲೆ ಹೊರೆ ಹೊತ್ತ ಟ್ಯಾಂಕಿನ ಸ್ಪ್ರಿಂಗ್ ಕುಗ್ಗಿ ಒಡಲು ನೆಲಕ್ಕೆ ಹತ್ತಿರವಾಗುತ್ತದೆ. ಆದ್ದರಿಂದ ಚಕ್ರದ ತೋಳುಗಳನ್ನು ಅಂಟಿಸುವ ಮೊದಲೇ ಮಾರ್ಪಾಡು ಏನೆಂದು ನಿರ್ಧಾರವಾಗಬೇಕು. ಹಾಗೆಯೇ ಚೀಲ ನಿಂತಿರುವ ಕಂಬಿ, ತಗಡು ಹಿಡಿದ ಬೋಲ್ಟು, ದಿಮ್ಮಿ ಕಟ್ಟಿದ ಸರಪಳಿ ಕಣ್ಣಿಗೆ ಬೀಳಬೇಕು. ಚಾಲಕನ ಮುಚ್ಚಳ ತೆರೆಯುವಂತಿರಬೇಕು, ಗೋಪುರ ತಿರುಗುವಂತಿರಬೇಕು.

ರಣರಂಗದ ಮಾರ್ಪಾಡು ಇಂದಿಗೂ ನಿಂತಿಲ್ಲ. ಇರಾಕಿನಲ್ಲಿ 2003ರ ನಂತರ ಅಮೆರಿಕದ ಸೇನೆಯ ಹಮ್ವೀ ವಾಹನಗಳಿಗೆ ಗುಜರಿ ತಗಡು ಬಂತು, 2022ರಿಂದ ಉಕ್ರೇನ್ ಯುದ್ಧದ ಟ್ಯಾಂಕುಗಳ ಮೇಲೆ ಡ್ರೋನ್ ತಡೆಯುವ ಪಂಜರಗಳು ಎದ್ದಿವೆ. ಈಗ ಛಾಯಾಚಿತ್ರಗಳ ಕೊರತೆಯಿಲ್ಲ, ಒಂದೇ ವಾಹನವನ್ನು ನಾಲ್ಕೂ ಕಡೆಯಿಂದ ನೋಡಬಹುದು. ಹೊಸದಾಗಿ ಕೈಹಾಕುವವರು ಕಿಟ್ ಕೊಳ್ಳುವ ಮೊದಲು ಇಂಥ ಒಂದು ವಾಹನವನ್ನು, ಅದರ ಘಟಕ ಮತ್ತು ತಿಂಗಳು ಗೊತ್ತಿರುವ ಚಿತ್ರವನ್ನು ಆರಿಸಿಕೊಳ್ಳಲಿ. ಚಿತ್ರದಲ್ಲಿ ಇಲ್ಲದ ಒಂದು ಚೀಲವನ್ನೂ ಸೇರಿಸದಿರಲಿ.